ಬತ್ತಿ ಇಳಿಸುವುದು

ನಮ್ಮ ಕುಂದಾಪುರದ ಕಡೆ, ಕರೆಂಟು ಬರುವುದಕ್ಕೆ ಮೊದಲು, ದೀಪದ ವಿಷಯದಲ್ಲಿ ನಾಲ್ಕು ಕೆಲಸಗಳಿದ್ದವು. ದೀಪ ಹಚ್ಚುವುದು, ದೀಪ ನಂದಿಸುವುದು, ಬತ್ತಿ ಏರಿಸುವುದು, ಬತ್ತಿ ಇಳಿಸುವುದು. ಊಟದ ಹೊತ್ತಿಗೆ ಲಾಟನ್ನಿನ ಬತ್ತಿ ಏರುತ್ತಿತ್ತು, ಊಟ ಮುಗಿದು ಚಾಪೆ ಹಾಸುವಾಗ ಇಳಿಯುತ್ತಿತ್ತು. ಪೂರ್ತಿ ನಂದಿಸುವುದು ಅಪರೂಪ. ರಾತ್ರಿ ಯಾರಾದರೂ ಏಳಬೇಕಾದೀತು, ಮಗು ಅತ್ತೀತು, ಕೊಟ್ಟಿಗೆಯಲ್ಲಿ ದನ ಕೂಗೀತು ಎಂದು ಒಂದು ಅಕ್ಕಿಕಾಳಿನಷ್ಟು ಉರಿ ಉಳಿಸಿಯೇ ಮಲಗುತ್ತಿದ್ದರು. ಇದಕ್ಕೆಲ್ಲ ಚಿಮಿಣಿ ಎಣ್ಣೆಯ ಬೆಲೆ ಒಂದು ಕಾರಣ, ನಿಜ. ಆದರೆ ಅದೊಂದೇ ಕಾರಣ ಅಲ್ಲ. ಆ ಒಂದೇ ಬೆಳಕಿನಲ್ಲಿ ಓದುವ ಹುಡುಗ, ಅಕ್ಕಿ ಆರಿಸುವ ಹೆಂಗಸು, ನಿದ್ದೆಗೆ ಜಾರಿದ ಮುದುಕರು ಎಲ್ಲರೂ ಇರುತ್ತಿದ್ದರು. ಬತ್ತಿಯ ತಿರುಪಿಗೆ ಕೈ ಹಾಕುವವರು ಒಮ್ಮೆ ಸುತ್ತ ನೋಡಿಯೇ ಕೈ ಹಾಕಬೇಕಿತ್ತು.

ಕರೆಂಟು ಬಂದದ್ದೇ ಈ ನಾಲ್ಕರಲ್ಲಿ ಎರಡು ಹೋದವು. ಲೈಟು ಹಾಕು, ಲೈಟು ಬಂದ್ ಮಾಡು, ಅಷ್ಟೇ ಉಳಿಯಿತು. ಸ್ವಿಚ್ಚಿಗೆ ಗೊತ್ತಿರುವುದು ಹೌದು ಮತ್ತು ಅಲ್ಲ ಮಾತ್ರ. ಅರ್ಧ ಶತಮಾನ ನಾವು ಹಾಗೆಯೇ ಬದುಕಿದೆವು. ಈಗ ಎಲ್‌ಇಡಿ ದೀಪಗಳಲ್ಲಿ 'ಡಿಮ್ಮೇಬಲ್' ಎಂಬ ಜಾತಿಯೊಂದು ಬಂದಿದೆ. ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಎರಡು ವರ್ಷದ ಹಿಂದೆ ಮುಂಬೈಯ ನಮ್ಮ ಮನೆಯ ವೈರಿಂಗ್ ಬದಲಿಸುವಾಗ ಇಂಥ ದೀಪ ಬೇಕೋ ಬೇಡವೋ ಎಂದು ಯೋಚಿಸಬೇಕಾಗಿ ಬಂತು. ಯೋಚಿಸುತ್ತ ಹೋದ ಹಾಗೆ ನನಗೆ ಇದು ಬರೀ ಇಲೆಕ್ಟ್ರಿಶಿಯನ್ನನ ಪ್ರಶ್ನೆ ಅಲ್ಲ ಅನ್ನಿಸಿತು. ಒಂದೇ ಕೋಣೆಯಲ್ಲಿ ಇರುವ ಇಬ್ಬರಿಗೆ ಎರಡು ಬಗೆಯ ಬೆಳಕು ಬೇಕಾದಾಗ ಬತ್ತಿ ಇಳಿಸಬೇಕಾದವರು ಯಾರು? ಮತ್ತು ಎಷ್ಟು ಇಳಿಸಿದರೆ ಸಾಕು?

ಊರಿನಲ್ಲಿ ಇರುವವರಿಗೆ ಇದು ಅಂಥ ದೊಡ್ಡ ಪ್ರಶ್ನೆ ಅಲ್ಲದೆ ಇರಬಹುದು. ಅಲ್ಲಿ ಚಾವಡಿ ಇದೆ, ಜಗಲಿ ಇದೆ, ಓದುವವನು ಎದ್ದು ಇನ್ನೊಂದು ಕೋಣೆಗೆ ಹೋಗಬಹುದು. ಮುಂಬೈಯಲ್ಲಿ ಹೋಗುವುದಕ್ಕೆ ಇನ್ನೊಂದು ಕೋಣೆ ಇರುವುದಿಲ್ಲ. ಇಲ್ಲಿ ಬೆಳಕು ಎಂದರೆ ಯಾವಾಗಲೂ ಇನ್ನೊಬ್ಬರ ಮುಖದ ಮೇಲೂ ಬೀಳುವ ಬೆಳಕು.

1983ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ನಾನು ಈ ಊರಿಗೆ ಬಂದಾಗ ಸಾಂತಾಕ್ರೂಜಿನ ಒಂದು ರೂಮಿನಲ್ಲಿ ಆರು ಮಂದಿ ಇದ್ದೆವು. ಮೂವರು ಬ್ಯಾಂಕಿನವರು, ಇಬ್ಬರು ಹೋಟೆಲಿನವರು, ಒಬ್ಬ ಟೈಪಿಸ್ಟ್. ಹೋಟೆಲಿನವರು ಬೆಳಗಿನ ನಾಲ್ಕಕ್ಕೆ ಏಳಬೇಕು. ಬ್ಯಾಂಕಿನವರಿಗೆ ಸಿಎಐಐಬಿ ಪರೀಕ್ಷೆ, ರಾತ್ರಿ ಹನ್ನೊಂದರವರೆಗೆ ಓದಬೇಕು. ರೂಮಿಗೆ ಇದ್ದದ್ದು ಒಂದು ಟ್ಯೂಬ್ ಲೈಟು, ಒಂದು ಬಲ್ಬು. ಬಲ್ಬಿಗೆ ನಾವು ಒಂದು ಹಾಳೆ ಪೇಪರು ಸುತ್ತಿ, ಓದುವವನ ಕಡೆ ಮಾತ್ರ ಒಂದು ಕಿಟಕಿಯಷ್ಟು ಜಾಗ ಬಿಡುತ್ತಿದ್ದೆವು. ಬಲ್ಬು ಬಿಸಿಯಾಗಿ ಪೇಪರು ಕಂದುಬಣ್ಣಕ್ಕೆ ತಿರುಗುತ್ತಿತ್ತು. ಆಗ ಹೊಸ ಪೇಪರು. ನಮ್ಮ ಕಾಲದ ಡಿಮ್ಮರ್ ಅದು. ಪರೀಕ್ಷೆ ಹತ್ತಿರ ಬಂದಾಗ ಒಬ್ಬರು ಮೆಟ್ಟಿಲಿನ ಲೈಟಿನ ಕೆಳಗೆ ಕೂತು ಓದುತ್ತಿದ್ದರು. ಹೋಟೆಲಿನ ಇಬ್ಬರಲ್ಲಿ ಚಿಕ್ಕವನು ಕನ್ನಡದ ರಾತ್ರಿಶಾಲೆಗೆ ಹೋಗುತ್ತಿದ್ದ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಪಾಠ ಕೇಳಿದ ಅಂಥ ಸಾವಿರಾರು ಹುಡುಗರನ್ನು ಮುಂಬೈಯ ಕನ್ನಡ ರಾತ್ರಿಶಾಲೆಗಳು ದಾಟಿಸಿವೆ. ಆ ಹುಡುಗರ ಹೋಮ್‌ವರ್ಕ್ ಎಲ್ಲಿ ನಡೆಯಿತು ಎಂದು ಕೇಳಿದರೆ, ಮಲಗಿದ ಯಾರದೋ ತಲೆಯ ಹತ್ತಿರ ಎಂದೇ ಉತ್ತರ.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಗಳನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಮನೆಯಲ್ಲಿ ದೀಪ ಇರಲಿಲ್ಲ, ಬಡತನ, ಆದರೂ ಛಲ ಬಿಡಲಿಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರು. ಮುಂಬೈಯ ಮೆಟ್ಟಿಲು ನೋಡಿದ ಮೇಲೆ ನನಗೆ ಅದರಲ್ಲಿ ಇನ್ನೊಂದು ಅರ್ಥ ಕಂಡಿತು. ಮನೆಯಲ್ಲಿ ದೀಪ ಇದ್ದೂ ಹೊರಗೆ ಹೋಗಿ ಕೂತವರೂ ಇದ್ದಿರಬಹುದು. ಒಳಗೆ ಮಲಗಿದವರು ನಾಳೆ ದುಡಿಯಬೇಕಾದವರು ಎಂದು. ಛಲದ ಕಥೆಯನ್ನು ನಾವು ಹೇಳುತ್ತೇವೆ. ಆ ಛಲ ಇನ್ನೊಬ್ಬರ ನಿದ್ದೆ ಕೆಡಿಸದ ಹಾಗೆ ನೋಡಿಕೊಂಡದ್ದನ್ನು ಯಾರೂ ಹೇಳುವುದಿಲ್ಲ.

ಈಗ ದೀಪದ ವಿಷಯಕ್ಕೆ ಬರೋಣ. ಡಿಮ್ಮೇಬಲ್ ಎಂದರೆ ಏನು ಎಂದು ತಿಳಿಯದೆ ಮುಂದಿನ ಮಾತು ಸರಿಯಾಗಿ ಕೂರುವುದಿಲ್ಲ.

ಹಳೆಯ ತಂತಿಯ ಬಲ್ಬು ಸರಳ ಜೀವಿ. ಕಡಿಮೆ ಕರೆಂಟು ಕೊಟ್ಟರೆ ಕಡಿಮೆ ಉರಿಯುತ್ತದೆ, ಜೊತೆಗೆ ಕೆಂಪಗೂ ಆಗುತ್ತದೆ. ಊರಲ್ಲಿ ವೋಲ್ಟೇಜ್ ಬಿದ್ದಾಗ ಬಲ್ಬು ಮೂಲಂಗಿ ಪಲ್ಯದ ಬಣ್ಣಕ್ಕೆ ಬರುತ್ತಿದ್ದದ್ದು ನೆನಪಿದೆಯಲ್ಲ, ಹಾಗೆ. ಎಲ್‌ಇಡಿ ಹಾಗಲ್ಲ. ಅದರ ಹೊಟ್ಟೆಯೊಳಗೆ 'ಡ್ರೈವರ್' ಎನ್ನುವ ಒಂದು ಪುಟ್ಟ ಸರ್ಕ್ಯೂಟ್ ಕೂತಿದೆ. ಗೋಡೆಯಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು ತನಗೆ ಬೇಕಾದ ಡಿಸಿ ಆಗಿ ಅದು ಬದಲಿಸಿಕೊಳ್ಳುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಅಂದರೆ 100 ಅರ್ಧ ಸುತ್ತು. ಮಾಮೂಲಿ ಡಿಮ್ಮರ್ ಮಾಡುವುದು ಇಷ್ಟೇ: ಪ್ರತಿ ಅರ್ಧ ಸುತ್ತಿನ ಒಂದು ತುಂಡನ್ನು ಕತ್ತರಿಸಿ ಬಿಸಾಡುತ್ತದೆ. ಹಳೆಯ ಡಿಮ್ಮರುಗಳು ಮುಂಭಾಗ ಕತ್ತರಿಸುತ್ತವೆ, ಹೊಸ ಬಗೆಯ ಕೆಲವು ಹಿಂಭಾಗ ಕತ್ತರಿಸುತ್ತವೆ. ಎಲ್‌ಇಡಿಗೆ ಸಾಮಾನ್ಯವಾಗಿ ಹಿಂಭಾಗ ಕತ್ತರಿಸುವುದೇ ಹೆಚ್ಚು ಹೊಂದುತ್ತದೆ. ಈ ಕತ್ತರಿಸಿದ ಕರೆಂಟನ್ನು ಅರ್ಥ ಮಾಡಿಕೊಂಡು ಬೆಳಕು ತಗ್ಗಿಸುವ ಡ್ರೈವರ್ ಇದ್ದರೆ ಅದು ಡಿಮ್ಮೇಬಲ್ ದೀಪ. ಇಲ್ಲದ ದೀಪಕ್ಕೆ ಡಿಮ್ಮರ್ ಹಾಕಿದರೆ ಮಿಣಮಿಣ ಮಾಡುತ್ತದೆ, ಗುಂಯ್ ಎನ್ನುತ್ತದೆ, ಬೇಗ ಸತ್ತೂ ಹೋಗುತ್ತದೆ. ಫ್ಯಾನಿನ ರೆಗ್ಯುಲೇಟರನ್ನೇ ದೀಪಕ್ಕೆ ಜೋಡಿಸಿ 'ನಡೀತದೆ' ಎನ್ನುವವರೂ ಇದ್ದಾರೆ, ಅದನ್ನು ಮಾಡಬಾರದು.

ಇನ್ನೊಂದು ತೊಡಕು ಇದೆ. ತಂತಿಯ ಬಲ್ಬುಗಳ ಕಾಲದ ಡಿಮ್ಮರಿಗೆ ಇಷ್ಟು ವ್ಯಾಟಿನ ಭಾರವಾದರೂ ಇರಬೇಕು ಎಂಬ ಒಂದು ಕನಿಷ್ಠ ಮಿತಿ ಇರುತ್ತದೆ. 60 ವ್ಯಾಟಿನ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದಾಗ ಆ ಭಾರ ಸಾಲದೆ ದೀಪ ಮಿಟುಕುತ್ತದೆ. ದೋಷ ದೀಪದ್ದೂ ಅಲ್ಲ, ಡಿಮ್ಮರಿನದ್ದೂ ಅಲ್ಲ. ಅವೆರಡೂ ಜೋಡಿಯಲ್ಲ. ಲೋಹಾರ್ ಚಾಳಿನಲ್ಲಿ, ಮುಂಬೈಯ ಇಲೆಕ್ಟ್ರಿಕ್ ಸಾಮಾನಿನ ದೊಡ್ಡ ಸಗಟು ಪೇಟೆ ಅದು, ಒಬ್ಬ ಮುದಿ ವ್ಯಾಪಾರಿ ನನಗೆ ಹೇಳಿದ: "ಸಾಬ್, ಬತ್ತಿ ಔರ್ ಡಿಮ್ಮರ್ ಕೀ ಕುಂಡಲಿ ಮಿಲನೀ ಚಾಹಿಯೇ." ದೀಪಕ್ಕೂ ಡಿಮ್ಮರಿಗೂ ಜಾತಕ ಕೂಡಬೇಕು. ಒಂದು ದೀಪ ಮಾತ್ರ ಕೊಂಡು ಹೋಗಿ, ಮನೆಯಲ್ಲಿ ಒಂದು ವಾರ ನೋಡಿ, ಸರಿ ಹೋದರೆ ಉಳಿದವನ್ನು ಕೊಳ್ಳಿ ಎಂದೂ ಅವನೇ ಹೇಳಿದ. ಸಾಲ ಕೊಡುವ ಮುಂಚೆ ಸ್ಥಳ ಪರಿಶೀಲನೆ ಮಾಡಿದ ನನ್ನಂಥವನಿಗೆ ಈ ಸಲಹೆ ಹಿಡಿಸಿತು.

ಬಣ್ಣವನ್ನೂ ನೋಡಬೇಕು. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಛಾಯೆ, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ನಾವು ಟ್ಯೂಬ್ ಲೈಟಿನ ತಲೆಮಾರಿನವರು, ಬಿಳಿ ಇದ್ದಷ್ಟೂ ಬೆಳಕು ಎಂದು ನಂಬಿದವರು. ಆದರೆ ಮಾಮೂಲಿ ಎಲ್‌ಇಡಿ ತಗ್ಗಿಸಿದರೂ ಅದರ ಬಣ್ಣ ಬದಲಾಗುವುದಿಲ್ಲ. 6500ರ ದೀಪವನ್ನು ತಗ್ಗಿಸಿದರೆ ಮನೆ ಸಂಜೆಯ ಆಸ್ಪತ್ರೆಯ ಹಾಗೆ ಕಾಣುತ್ತದೆ. ರಾತ್ರಿ ನೀಲಿ ಬೆಳಕು ಹೆಚ್ಚಾದರೆ ನಿದ್ದೆ ತರುವ ಮೆಲಟೋನಿನ್ ಕಡಿಮೆಯಾಗುತ್ತದೆ ಎಂಬುದೂ ಈಗ ಗೊತ್ತಿರುವ ವಿಷಯ. ಮಲಗುವ ಕೋಣೆಗೆ ಹಳದಿಯೇ ಸರಿ.

ಇಷ್ಟೆಲ್ಲ ಯಾಕೆ, ಎಲ್‌ಇಡಿ ತಿನ್ನುವುದೇ ಕಡಿಮೆ, ಇಳಿಸಿ ಉಳಿಸುವುದು ಏನಿದೆ ಎಂದು ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ದೇಶದಲ್ಲಿ 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಮನೆಗೆ ಹೋದವು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಕಟ್ಟುವ ಫ್ಲ್ಯಾಟುಗಳ ಹಾಲಿನ ಲೆಕ್ಕ ಹಾಕಿ ನೋಡಿ. ಹಿಂದೆ ಅಲ್ಲಿ 40 ವ್ಯಾಟಿನ ಒಂದು ಟ್ಯೂಬ್ ಇತ್ತು, ಚೋಕಿನ ಖರ್ಚು ಸೇರಿ ಸುಮಾರು 50 ವ್ಯಾಟ್. ಈಗ ಫಾಲ್ಸ್ ಸೀಲಿಂಗಿನಲ್ಲಿ ತಲಾ 9 ವ್ಯಾಟಿನ ಹನ್ನೆರಡು ದೀಪ. ಒಟ್ಟು 108 ವ್ಯಾಟ್. ಉಳಿತಾಯದ ದೀಪ ಹಾಕಿ ಎರಡು ಪಾಲು ಖರ್ಚು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಹೇಳಿದ್ದ. ಯಂತ್ರ ಚುರುಕಾಗಿ ಕಲ್ಲಿದ್ದಲು ಕಡಿಮೆ ಸಾಕು ಎಂದಾದರೆ ಜನ ಅದನ್ನು ಉಳಿಸುವುದಿಲ್ಲ, ಯಂತ್ರಗಳನ್ನೇ ಹೆಚ್ಚಿಸುತ್ತಾರೆ ಎಂದು. ಅಂದರೆ ಅಗ್ಗವಾಗುವುದರಿಂದ ಮಿತಿ ತಾನಾಗಿ ಬರುವುದಿಲ್ಲ. ಮಿತಿಯನ್ನು ಇಡಬೇಕಾದವನು ಗುಂಡಿ ತಿರುಗಿಸುವವನೇ. ಅದೂ ಅಲ್ಲದೆ, ಬಿಲ್ಲಿನ ಪ್ರಶ್ನೆ ಬಗೆಹರಿದರೂ ಪಕ್ಕದಲ್ಲಿ ಮಲಗಿದವರ ಪ್ರಶ್ನೆ ಬಗೆಹರಿಯುವುದಿಲ್ಲ.

ಇಲ್ಲಿ ಕಣ್ಣಿನ ಒಂದು ಗುಣವನ್ನು ಹೇಳಬೇಕು. ನನ್ನ ಮಟ್ಟಿಗೆ ಇಡೀ ವಿಚಾರದ ಕೀಲು ಇದೇ. ಬೆಳಕನ್ನು ಮೀಟರು ಅಳೆಯುವ ಹಾಗೆ ಕಣ್ಣು ಅಳೆಯುವುದಿಲ್ಲ. ದೀಪದ ಬೆಳಕನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಕಣ್ಣಿಗೆ ಅದು ಅರ್ಧದಷ್ಟು ಇದೆ ಅನ್ನಿಸುತ್ತದೆ. ಹತ್ತನೇ ಒಂದಕ್ಕೆ ಇಳಿಸಿದರೂ ಮೂರನೇ ಒಂದರಷ್ಟು ಇದೆ ಅನ್ನಿಸುತ್ತದೆ. ದೀಪದ ತಜ್ಞರು ಡಿಮ್ಮರಿನ ಲೆಕ್ಕ ಹಾಕುವುದೇ ಈ ವರ್ಗಮೂಲದ ನಿಯಮದ ಮೇಲೆ. ಪೂರ್ತಿ ಉರಿಯುವ ದೀಪದಿಂದ ಅರ್ಧ ಬೆಳಕು ತೆಗೆದುಬಿಟ್ಟರೂ ಅಲ್ಲಿ ಕೂತವನಿಗೆ ಸ್ವಲ್ಪ ಕಡಿಮೆ ಆಯಿತು ಎನ್ನಿಸಬಹುದು, ಅಷ್ಟೇ. ಅದೇ, ಕೊನೆಯ ನೂರನೇ ಒಂದು ಪಾಲು ಉಳಿದಿದ್ದಾಗ ಅದನ್ನೂ ತೆಗೆದರೆ, ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂಬುದೇ ಗೊತ್ತಾಗುವುದಿಲ್ಲ.

ಎಂ.ಕಾಂ.ನಲ್ಲಿ ನಾವು ಬಾಯಿಪಾಠ ಮಾಡಿದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಕಣ್ಣಿನಲ್ಲೇ ಕೂತಿದೆ ಎಂದ ಹಾಗಾಯಿತು. ಹಸಿದವನಿಗೆ ಮೊದಲ ದೋಸೆಯಿಂದ ಸಿಗುವ ತೃಪ್ತಿ ಐದನೆಯದರಿಂದ ಸಿಗುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದರು. ಇದರಿಂದ ಒಂದು ನೀತಿಯೂ ಹೊರಡುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಮೇಲಿನಿಂದ ಬಿಟ್ಟುಕೊಡುವುದು ಅಗ್ಗ, ಕೆಳಗಿನಿಂದ ಬಿಟ್ಟುಕೊಡುವುದು ದುಬಾರಿ. ಹಾಗಿದ್ದ ಮೇಲೆ, ಒಂದು ಕೋಣೆಯಲ್ಲಿ ಹೊಂದಿಕೊಳ್ಳಬೇಕಾದ ಸಂದರ್ಭ ಬಂದಾಗ ಮೊದಲು ಇಳಿಯಬೇಕಾದವನು ಹೆಚ್ಚು ಇರುವವನು. ಇಬ್ಬರೂ ಸಮಸಮ ಇಳಿಯೋಣ ಎನ್ನುವುದು ಕೇಳುವುದಕ್ಕೆ ನ್ಯಾಯದ ಹಾಗೆ ಕಾಣುತ್ತದೆ. ಆದರೆ ಹತ್ತು ಇದ್ದವನಿಂದ ಒಂದು, ಒಂದು ಇದ್ದವನಿಂದ ಒಂದು ತೆಗೆದರೆ ಅದು ಸಮ ಆಗುವುದಿಲ್ಲ.

ವಯಸ್ಸಿನ ಮಾತನ್ನೂ ಸೇರಿಸಿಕೊಳ್ಳಿ. ಅರವತ್ತು ವರ್ಷದವನ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತು ವರ್ಷದವನಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಒಂದೇ ಸೋಫಾದಲ್ಲಿ ಕೂತ ಅಜ್ಜ ಮೊಮ್ಮಗ ಇಬ್ಬರ ಮೇಲೂ ಬೀಳುವ ಬೆಳಕು ಒಂದೇ ಆದರೂ ಇಬ್ಬರಿಗೆ ಸಿಗುವ ಬೆಳಕು ಒಂದೇ ಅಲ್ಲ. "ಅಜ್ಜ, ಇಷ್ಟೊಂದು ಲೈಟ್ ಯಾಕೆ?" ಎಂದು ಮೊಮ್ಮಗ ಕೇಳುವುದೂ ಸರಿ. "ಎಂತ ಕತ್ತಲೆ ಮಾರಾಯ" ಎಂದು ಅಜ್ಜ ಹೇಳುವುದೂ ಸರಿ. ಇಂಥ ಕಡೆ ಯಾರು ಸರಿ ಎಂದು ತೀರ್ಮಾನಿಸಲು ಹೊರಟರೆ ಜಗಳವೇ. ಯಾರಿಗೆ ಎಷ್ಟು ಬೇಕು ಎಂದು ಕೇಳಬೇಕು. ಅಜ್ಜನ ಕುರ್ಚಿಯ ಪಕ್ಕ ಒಂದು ಓದುವ ದೀಪ, ಹಾಲಿನ ದೊಡ್ಡ ದೀಪ ಅರ್ಧಕ್ಕೆ. ಇಬ್ಬರ ಮಾತೂ ಉಳಿಯಿತು.

ಇದೆಲ್ಲ ಸುಲಭದ ಉದಾಹರಣೆ. ಕಷ್ಟದ್ದು ಬೇರೆ ಇದೆ.

ನನ್ನ ಹೆಂಡತಿಯ ತಾಯಿ, ನಮ್ಮ ಅತ್ತೆಯವರು, ಊರಿನ ಮನೆ ಮುಚ್ಚಿ ನಮ್ಮ ಜೊತೆ ಇರಲು ಬಂದಾಗ ಅವರಿಗೆ ಎಂಬತ್ತೆರಡು. ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಏಳುತ್ತಿದ್ದರು. ಹಾಲಿನಲ್ಲಿ ಮೊಮ್ಮಗ ಮಲಗುತ್ತಿದ್ದ, ಹಾಲು ದಾಟಿಯೇ ಹೋಗಬೇಕು. ಅವರು ಒಂದು ದಿನವೂ ಲೈಟು ಹಾಕಿದವರಲ್ಲ. ಗೋಡೆ ಹಿಡಿದುಕೊಂಡು ಕತ್ತಲಲ್ಲೇ ಹೋಗಿ ಬರುತ್ತಿದ್ದರು. ಮಗಳು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಅವರದ್ದು ಒಂದೇ ಉತ್ತರ: "ನಿಮ್ ನಿದ್ರಿ ಎಂತಕ್ ಹಾಳ್ ಮಾಡೂದ್?" ಹಾಲಿನಲ್ಲಿ ಒಂದು ಝೀರೋ ಬಲ್ಬು ಹಾಕಿಟ್ಟೆವು. ಸೊನ್ನೆ ಎಂದು ಹೆಸರಿದ್ದರೂ ಅದು ಹನ್ನೆರಡು ಹದಿನೈದು ವ್ಯಾಟ್ ತಿನ್ನುವ ಬಲ್ಬು ಎಂದು ಮೊಮ್ಮಗ ಹೇಗೋ ತಿಳಿದುಕೊಂಡು ಅಜ್ಜಿಗೂ ಹೇಳಿಬಿಟ್ಟ. ಮರುದಿನದಿಂದ ಅವರು ಮಲಗುವ ಮುಂಚೆ ಅದನ್ನೂ ಬಂದ್ ಮಾಡಿ ಮಲಗತೊಡಗಿದರು. 2021ರ ಮಳೆಗಾಲದ ಒಂದು ರಾತ್ರಿ ಟೀಪಾಯಿಗೆ ಕಾಲು ತಾಗಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬಿದ್ದಾಗಲೂ ಕೂಗಲಿಲ್ಲ. ಮೊಮ್ಮಗನೇ ಎದ್ದು ನೋಡಿದ.

ಅವರ ನಡತೆಯನ್ನು ನಾವು ತ್ಯಾಗ ಎನ್ನುತ್ತೇವೆ, ಹೊಗಳುತ್ತೇವೆ. ನನಗೆ ಆ ಹೊಗಳಿಕೆ ಸರಿ ಕಾಣುವುದಿಲ್ಲ. ತಮ್ಮ ಪಾಲಿನ ಬೆಳಕನ್ನು ಅವರು ಎಲ್ಲರಿಗಿಂತ ಮೊದಲು ಬಿಟ್ಟುಕೊಟ್ಟರು, ಎಲ್ಲರಿಗಿಂತ ಕಡಿಮೆ ಇದ್ದವರು ಅವರೇ ಆಗಿದ್ದರೂ. ಇನ್ನೊಬ್ಬರ ಮನೆಯಲ್ಲಿ ಇದ್ದೇನೆ ಎಂಬ ಭಾವನೆ ಇರುವವರು ಹಾಗೇ ಮಾಡುತ್ತಾರೆ. ಮಗಳ ಮನೆಯೇ ಆದರೂ ಅವರಿಗೆ ಅದು ಪರಸ್ಥಳ. ಹೀಗೆ ಬಿಟ್ಟುಕೊಡುವವರನ್ನು ಹೊಗಳುತ್ತ ಹೋದರೆ, ಕೆಳಗಿರುವವರು ಇನ್ನೂ ಇಳಿಯಲಿ ಎಂದು ನಾವೇ ಕಲಿಸಿದ ಹಾಗೆ. ಹೊಂದಾಣಿಕೆ ಒಳ್ಳೆಯ ಗುಣ, ಆದರೆ ಅದಕ್ಕೊಂದು ತಳ ಇರಬೇಕು. ಕಾಲಿಡುವ ಜಾಗ ಕಾಣುವಷ್ಟು ಬೆಳಕು ಯಾರೂ ಬಿಟ್ಟುಕೊಡಬೇಕಾದದ್ದಲ್ಲ, ಯಾರೂ ಕೇಳಬೇಕಾದದ್ದೂ ಅಲ್ಲ.

ಈ ಮಾತನ್ನು ಎಲ್‌ಇಡಿಯೇ ತೋರಿಸಿಕೊಡುತ್ತದೆ. ತಂತಿಯ ಬಲ್ಬನ್ನು ಇಳಿಸುತ್ತ ಹೋದರೆ ಕೆಂಡದ ಹಾಗೆ ಆಗಿ ಮೆಲ್ಲಗೆ ಕಂದುತ್ತದೆ. ಅಗ್ಗದ ಎಲ್‌ಇಡಿ ಹಾಗಲ್ಲ. ಒಂದು ಮಟ್ಟದವರೆಗೆ ಚೆನ್ನಾಗಿ ಇಳಿಯುತ್ತದೆ, ಅದರ ಕೆಳಗೆ ಹೋದರೆ ಮಿಟುಕುತ್ತದೆ, ಆಮೇಲೆ ಪಕ್ಕನೆ ಆರಿಬಿಡುತ್ತದೆ. ಮತ್ತೆ ಹೊತ್ತಬೇಕಾದರೆ ಗುಂಡಿಯನ್ನು ಆರಿದ ಜಾಗಕ್ಕಿಂತ ಮೇಲೆ ತರಬೇಕಾಗುತ್ತದೆ. ಒಳ್ಳೆಯ ಡಿಮ್ಮರುಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ತಿರುಪು ಇರುತ್ತದೆ. ಇದಕ್ಕಿಂತ ಕೆಳಗೆ ಗುಂಡಿ ಹೋಗದ ಹಾಗೆ ಇಲೆಕ್ಟ್ರಿಶಿಯನ್ ಅದನ್ನು ಹೊಂದಿಸಿ ಇಡುತ್ತಾನೆ. ನಮ್ಮ ಹಾಲಿನಲ್ಲಿ ಹಾಗೆ ಹೊಂದಿಸಿದ್ದೇವೆ. ಬಚ್ಚಲಿನ ದಾರಿಗೆ ಕಾಲಿನ ಮಟ್ಟದಲ್ಲಿ ಒಂದು ವ್ಯಾಟಿನ ಪುಟ್ಟ ದೀಪ ಬೇರೆ ಇದೆ. ಅದಕ್ಕೆ ಸ್ವಿಚ್ಚೇ ಇಲ್ಲ, ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ. ಅತ್ತೆಯವರು ಮೊದಲ ದಿನ ಸ್ವಿಚ್ಚು ಹುಡುಕಿದರು. ಇಲ್ಲ ಎಂದು ತಿಳಿದ ಮೇಲೆ ಸುಮ್ಮನಾದರು. ಬಿಟ್ಟುಕೊಡುವ ಅವಕಾಶವನ್ನೇ ಇಲ್ಲದ ಹಾಗೆ ಮಾಡುವುದು ಕೆಲವು ಸಲ ದೊಡ್ಡ ಉಪಕಾರ.

ಇನ್ನು ಗುಂಡಿ ಯಾರ ಕೈಗೆ ಸಿಗಬೇಕು ಎನ್ನುವುದು. ಇಲೆಕ್ಟ್ರಿಶಿಯನ್ನರು ಡಿಮ್ಮರನ್ನು ಬಾಗಿಲ ಹತ್ತಿರ, ನಿಂತವರ ಎದೆಯ ಎತ್ತರಕ್ಕೆ ಕೂರಿಸುತ್ತಾರೆ. ಓಡಾಡುವವರಿಗೆ ಅದು ಅನುಕೂಲ. ಹಾಸಿಗೆಯಿಂದ ಏಳಲು ಕಷ್ಟವಾದವರಿಗೆ? ಬೆಳಕಿನ ಮೇಲೆ ಯಾರ ಅಧಿಕಾರ ಎಂಬುದು ಅನೇಕ ಮನೆಗಳಲ್ಲಿ ಗುಂಡಿ ಎಲ್ಲಿದೆ ಎಂಬುದರಿಂದಲೇ ತೀರ್ಮಾನವಾಗಿರುತ್ತದೆ. ಕೇಳಿ ಪಡೆಯಬೇಕಾದ ಬೆಳಕು ಬೇರೆ, ಕೈ ಚಾಚಿ ಪಡೆಯುವ ಬೆಳಕು ಬೇರೆ. ಆದ್ದರಿಂದ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓಡಾಡುವವರು ಯಾರೋ ಅವರ ಕೈಗೆಟುಕುವ ಕಡೆ ಗುಂಡಿ ಇರಬೇಕು. ಉಳಿದವರು ನಾಲ್ಕು ಹೆಜ್ಜೆ ನಡೆದರೆ ನಷ್ಟವಿಲ್ಲ.

ಬೆಳಕು ಮೊದಲು ಯಾರಿಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ನಾಡಿನದ್ದೇ ಚರಿತ್ರೆ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಹಳ್ಳಿಗಳ ಸರದಿ ಬರಲು ಎಷ್ಟೋ ದಶಕ ಬೇಕಾಯಿತು. ಶಕ್ತಿ ಇದ್ದವರ ಕಡೆ ಬೆಳಕು ಹರಿಯುವುದು ಸಹಜವೇ ಇರಬಹುದು. ಸಹಜವಾದದ್ದೆಲ್ಲ ಸರಿ ಎಂದಾಗುವುದಿಲ್ಲ.

ಹೊರನಾಡಿನಲ್ಲಿ ನಲವತ್ತು ವರ್ಷ ಕಳೆದವನಿಗೆ ಈ ಲೆಕ್ಕ ದೀಪಕ್ಕೆ ಮಾತ್ರ ನಿಲ್ಲುವುದಿಲ್ಲ. ಮುಂಬೈಯಲ್ಲಿ 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಿತ್ತು. ಆಗ ರೈಲಿನಲ್ಲಿ ಕನ್ನಡ, ತುಳು ಮೆಲ್ಲಗೆ ಮಾತಾಡುತ್ತಿದ್ದೆವು ಎಂದು ನಮಗಿಂತ ಹಿರಿಯರು ಹೇಳುತ್ತಿದ್ದರು. ನಾವು ಬರುವ ಹೊತ್ತಿಗೆ ಆ ಬಿಸಿ ಇಳಿದಿತ್ತು. ನಾವು ಮರಾಠಿ ಕಲಿತೆವು, ಪ್ರೀತಿಯಿಂದಲೇ ಕಲಿತೆವು. ಈ ಊರು ಅನ್ನ ಕೊಟ್ಟಿದೆ, ಅದರ ಭಾಷೆಗೆ ಜಾಗ ಬಿಡುವುದು ಋಣ ತೀರಿಸುವ ಒಂದು ದಾರಿ. ಹೊರಗೆ ನಮ್ಮ ಕನ್ನಡದ ಬತ್ತಿ ಇಳಿಸಿದೆವು, ಮನೆಯೊಳಗೆ ಏರಿಸಿದೆವು. ನಮ್ಮ ತಲೆಮಾರಿಗೆ ಅದು ಭಾರ ಅನ್ನಿಸಲಿಲ್ಲ, ಯಾಕೆಂದರೆ ನಮ್ಮಲ್ಲಿ ಬೇಕಾದಷ್ಟು ಇತ್ತು. ಮಕ್ಕಳಲ್ಲಿ ಅರ್ಧ ಇತ್ತು. ಮೊಮ್ಮಕ್ಕಳಲ್ಲಿ ಈಗ ಇರುವುದು ಅಕ್ಕಿಕಾಳಿನಷ್ಟು. ಅಜ್ಜಿ ಹೇಳಿದ್ದು ಅರ್ಥವಾಗುತ್ತದೆ, ತಿರುಗಿ ಹೇಳುವಾಗ ಮಿಟುಕುತ್ತದೆ.

ಊರಿಗೆ ಹೋದಾಗ ಆ ಮಕ್ಕಳ ಕನ್ನಡ ಕೇಳಿ ನಗುವವರಿದ್ದಾರೆ. "ಹ್ವಾಯ್, ನಿಮ್ಮ ಮೊಮ್ಮಗನಿಗೆ ಕನ್ನಡವೇ ಬರುವುದಿಲ್ಲವಲ್ಲ" ಎನ್ನುತ್ತಾರೆ. ಪೂರ್ತಿ ಉರಿಯುವ ದೀಪದ ಕೆಳಗೆ ಕೂತವರಿಗೆ ಈ ಸಣ್ಣ ಉರಿ ಲೆಕ್ಕಕ್ಕೆ ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ, ಕಣ್ಣಿನ ಗುಣ. ಆದರೆ ಇಷ್ಟು ಮಾತ್ರ ನೆನಪಿರಲಿ. ಆ ಮಗು ಎರಡು ತಪ್ಪು ವಾಕ್ಯ ಮಾತಾಡಿ ನಗೆಗೀಡಾಗಿ ಸುಮ್ಮನಾದರೆ ಆರುವುದು ಕೊನೆಯ ನೂರನೇ ಪಾಲು. ಅದನ್ನು ಮತ್ತೆ ಹೊತ್ತಿಸಲು, ಎಲ್‌ಇಡಿಯ ಹಾಗೆ, ಮೊದಲು ಇದ್ದದ್ದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದೆ ಬಿಟ್ಟರೆ ಏಕಪಕ್ಷೀಯವಾಗುತ್ತದೆ. ನಾವು ಮುಂಬೈಯಲ್ಲಿ ಇದ್ದ ಹಾಗೆ ಒಡಿಶಾದ, ಬಿಹಾರದ, ಅಸ್ಸಾಮಿನ ಹುಡುಗರು ಇವತ್ತು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಒಂದೊಂದು ರೂಮಿನಲ್ಲಿ ಎಂಟೆಂಟು ಮಂದಿ ಇದ್ದಾರೆ. ಅವರು ಕನ್ನಡ ಕಲಿಯಬೇಕು, ಅದರಲ್ಲಿ ನನಗೆ ಸಂಶಯವಿಲ್ಲ, ನಾವು ಮರಾಠಿ ಕಲಿತ ಹಾಗೆ. "ನಮ್ಮ ಮನೆ, ನಮ್ಮ ದೀಪ, ನಾವು ಯಾಕೆ ಇಳಿಸಬೇಕು" ಎಂಬ ಪ್ರಶ್ನೆಯನ್ನೂ ನಾನು ತಳ್ಳಿಹಾಕುವುದಿಲ್ಲ. ಮನೆಯವನಿಗೆ ಮನೆಯ ಮೇಲೆ ಹಕ್ಕು ಇದೆ. ಕನ್ನಡದ ದೀಪವನ್ನು ಕರ್ನಾಟಕದಲ್ಲೇ ಇಳಿಸಿದರೆ ಮತ್ತೆಲ್ಲಿ ಏರಿಸುವುದು ಎಂಬ ಆತಂಕವೂ ಸುಳ್ಳಲ್ಲ. ಆದರೆ ಕಲಿಯುವುದಕ್ಕೆ ಒಂದು ವರ್ಷ ಸಮಯ ಕೊಡುವುದು, ತಪ್ಪು ಕನ್ನಡ ಕೇಳಿ ಗದರದೆ ಇರುವುದು, ಇದು ನಮ್ಮ ದೀಪವನ್ನು ಆರಿಸುವ ಕೆಲಸ ಅಲ್ಲ. ಮೇಲಿನ ಪಾಲಿನಿಂದ ಒಂದು ಚೂರು ಇಳಿಸುವ ಕೆಲಸ. ಇಳಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಆ ಹುಡುಗನಿಗೆ ಗೊತ್ತಾಗುತ್ತದೆ. ಎಷ್ಟು ಇಳಿಸಬೇಕು ಎಂಬುದಕ್ಕೆ ನನ್ನ ಹತ್ತಿರ ಕೋಷ್ಟಕವಿಲ್ಲ. ತಳ ಯಾರದ್ದು ಹತ್ತಿರವಿದೆ ಎಂದು ನೋಡುವುದು ಮಾತ್ರ ನನಗೆ ಗೊತ್ತಿರುವ ದಾರಿ.

ಬರೀ ಸ್ವಿಚ್ಚು ಇದ್ದ ಕಾಲದಲ್ಲಿ ಒಂದು ಸಬೂಬು ಇತ್ತು. ಹಾಕಿದರೆ ಇವರಿಗೆ ತೊಂದರೆ, ತೆಗೆದರೆ ಅವರಿಗೆ ತೊಂದರೆ, ಏನು ಮಾಡುವುದು ಎಂದು ಕೈ ಕಟ್ಟಿ ಕೂರಬಹುದಿತ್ತು. ಡಿಮ್ಮರ್ ಬಂದ ಮೇಲೆ ಆ ಸಬೂಬು ಹೋಯಿತು. ಡಿಮ್ಮರ್ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಪೂರ್ತಿ ಏರಿಸಿಟ್ಟು ಮರೆತುಬಿಡುವವರೇ ಹೆಚ್ಚು. ಆದರೆ ಮಾಡಬಹುದಿತ್ತು, ಮಾಡಲಿಲ್ಲ ಎಂಬುದು ಇನ್ನು ಮುಂದೆ ನಮ್ಮ ಲೆಕ್ಕಕ್ಕೇ ಬರುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಡಬ್ಬಿಯ ಮೇಲೆ ಡಿಮ್ಮೇಬಲ್ ಎಂದು ಬರೆದಿದೆಯೇ ನೋಡಿ. ಡಿಮ್ಮರ್ ಎಲ್‌ಇಡಿಗೆ ಹೊಂದುವುದೇ, ಅದರ ಕನಿಷ್ಠ ವ್ಯಾಟ್ ಎಷ್ಟು ಎಂದು ಕೇಳಿ. ಒಂದನ್ನು ತಂದು ಒಂದು ವಾರ ನೋಡಿ. ಮಲಗುವ ಕೋಣೆಗೆ ಹಳದಿ ಬೆಳಕು, ಓದುವ ಕಡೆಗೆ ಬೇರೆ ದೀಪ. ತಳದ ಮಿತಿಯನ್ನು ಹೊಂದಿಸಿಕೊಳ್ಳದೆ ಇಲೆಕ್ಟ್ರಿಶಿಯನ್ನನನ್ನು ಕಳಿಸಬೇಡಿ. ಅಂಗಡಿಗೆ ಹೋಗುವ ಮುಂಚೆ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಮನೆಯಲ್ಲಿ ಯಾರು ಕತ್ತಲಲ್ಲಿ ಎದ್ದು ನಡೆಯುತ್ತಾರೆ ಎಂದು ನೋಡಿಕೊಳ್ಳಿ. ಮೊದಲ ದೀಪ ಅವರ ದಾರಿಗೆ ಬರಲಿ. ಹಾಲಿನ ಹನ್ನೆರಡು ದೀಪ ಆಮೇಲೆ ನೋಡೋಣ.